ಬರುವಾಗಿನ ಜಾಗ

ಬೈಕಿನ ಹಿಂಬದಿಗೆ ಎರಡು ಚೀಲ ಇಳಿಬಿಟ್ಟು, ಸೀಟಿನ ಮೇಲೊಂದು ಸುರುಳಿ ಕಟ್ಟಿಕೊಂಡು ಬೆಂಗಳೂರಿನಿಂದ ಹೊರಟರೆ ನೆಲಮಂಗಲ ದಾಟುವುದರೊಳಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಲಡಾಖಿಗಾ ಸಾರ್?" ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವರು ಕೇಳುತ್ತಾರೆ. ಬಂಕಿನ ಹುಡುಗ ಪೆಟ್ರೋಲ್ ಪೈಪು ಹಿಡಿದುಕೊಂಡೇ ಕೇಳುತ್ತಾನೆ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ಎದುರು ಕೂತು ತಟ್ಟೆ ಇಡ್ಲಿ ಮುರಿಯುತ್ತಿರುವ ಹಿರಿಯರು ಹೊರಗೆ ನಿಂತ ಗಾಡಿಯನ್ನೂ ಒಳಗೆ ಕೂತ ನನ್ನನ್ನೂ ಎರಡೆರಡು ಸಲ ನೋಡಿ ಅದನ್ನೇ ಕೇಳುತ್ತಾರೆ. "ಇಲ್ಲ ಸಾರ್, ಹೊಸನಗರದ ಹತ್ತಿರ ಒಂದು ಹಳ್ಳಿಗೆ" ಎಂದರೆ ಅವರಿಗಾಗುವ ನಿರಾಸೆಯನ್ನು ನೋಡಲಾಗುವುದಿಲ್ಲ. "ಅಷ್ಟಕ್ಕೆ ಇಷ್ಟೊಂದಾ?" ಎಂದು ಕೆಲವರು ಬಾಯಿಬಿಟ್ಟು ಹೇಳುತ್ತಾರೆ, ಮಿಕ್ಕವರು ಹುಬ್ಬಿನಲ್ಲಿ ಹೇಳುತ್ತಾರೆ. "ರಾತ್ರಿ ಬಸ್ಸಿದೆಯಲ್ಲ, ಹತ್ತಿ ಮಲಗಿದ್ರೆ ಬೆಳಗ್ಗೆ ಇಳೀಬಹುದು" ಎಂದು ಉಪಾಯ ಹೇಳಿಕೊಟ್ಟವರೂ ಇದ್ದಾರೆ.

ಒಮ್ಮೆ ಬೇಸತ್ತು "ಹೌದು" ಎಂದುಬಿಟ್ಟೆ. ಎದುರಿನ ಮುಖ ಅರಳಿದ್ದೇನು, ಕೈ ಕುಲುಕಿದ್ದೇನು! ಕಾಫಿಯ ದುಡ್ಡನ್ನು ಅವರೇ ಕೊಟ್ಟರು. ಗಾಡಿಯ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದು ಮಗನಿಗೆ ಕಳಿಸಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ತಮ್ಮ ಕಾರಿನಲ್ಲಿ ನನ್ನ ಹಿಂದೆಯೇ ಬಂದರು. ತುಮಕೂರಿನ ಹತ್ತಿರ ಶಿವಮೊಗ್ಗದ ರಸ್ತೆ ಎಡಕ್ಕೆ ಕವಲೊಡೆಯುತ್ತದೆ. ಲಡಾಖಿಗೆ ಹೋಗುವವನು ಸಿರಾ ಕಡೆಗೆ ನೇರ ಹೋಗಬೇಕು. ಅಷ್ಟು ಪ್ರೀತಿಯಿಂದ ಕಾಫಿ ಕುಡಿಸಿದವರ ಕಣ್ಣೆದುರೇ ಎಡಕ್ಕೆ ತಿರುಗಿಸಲು ಮನಸ್ಸು ಬರಲಿಲ್ಲ. ಸಿರಾ ರಸ್ತೆಯಲ್ಲೇ ಹೋದೆ. ಅವರ ಕಾರು ಹಾರ್ನ್ ಹೊಡೆದು, ಕೈಬೀಸಿ, ಮುಂದೆ ಹೋಗಿ ಮರೆಯಾದ ಮೇಲೆ ಗಾಡಿ ತಿರುಗಿಸಿಕೊಂಡು ಹೊಸನಗರದ ದಾರಿ ಹಿಡಿದೆ.

ಈ ಪ್ರಶ್ನೆಗೆ ಮೂಲ ಚೀಲವಲ್ಲ, ಚೀಲ ಹೊತ್ತ ಕಬ್ಬಿಣದ ಚೌಕಟ್ಟು ಎಂಬುದು ನನ್ನ ಅನುಮಾನ. ದೆಹಲಿಯ ಕರೋಲ್ ಬಾಗಿನಿಂದ ನಮ್ಮ ಜೆ.ಸಿ. ರಸ್ತೆಯವರೆಗೆ ಅಂಗಡಿಯವರೆಲ್ಲ ಅದನ್ನು ಕರೆಯುವುದೇ 'ಲಡಾಖ್ ಕ್ಯಾರಿಯರ್' ಎಂದು. ಹಿಮಾಚಲದ ತಾಂಡಿ ಎಂಬಲ್ಲಿ ಪೆಟ್ರೋಲ್ ಬಂಕಿನ ಬಳಿ ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂದು ಎಚ್ಚರಿಸುವ ಫಲಕವಿದೆ. ಲೇಹ್‌ಗೆ ಹೊರಟ ಬುಲೆಟ್ಟಿನವರು ಅದನ್ನು ಓದಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಆಮೇಲೆ ಗಂಭೀರರಾಗಿ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಆ ಕ್ಯಾನು ಕೂರಿಸುವ ಸಲುವಾಗಿ ಕ್ಯಾರಿಯರಿನ ಬದಿಗಳಲ್ಲಿ ಚೌಕಾಕಾರದ ಗೂಡುಗಳಿರುತ್ತವೆ. ನಮ್ಮ ತುಮಕೂರು ರಸ್ತೆಯಲ್ಲಿ ಒಂದು ಬಂಕಿನಲ್ಲಿ ನಿಂತರೆ ಮುಂದಿನ ಬಂಕು ಕಾಣುತ್ತದೆ. ಆದರೂ ಆ ಗೂಡು ನನ್ನ ಕ್ಯಾರಿಯರಿನಲ್ಲೂ ಇದೆ. ಬೇಡವೆಂದು ನಾನು ಹೇಳಿದ್ದೆ. "ಇರ್ಲಿ ಬಿಡಿ ಸಾರ್, ಡಿಸೈನ್ ಇರೋದೇ ಹಂಗೆ" ಎಂದಿದ್ದರು ವೆಲ್ಡಿಂಗ್ ಮೇಸ್ತ್ರಿ.

ಕಲಾಸಿಪಾಳ್ಯದ ಸಂದಿಯೊಂದರಲ್ಲಿ ಅವರ ಶೆಡ್ಡು. ರೆಡಿಮೇಡ್ ಕ್ಯಾರಿಯರ್ ನನ್ನ ಹಳೆಯ ಗಾಡಿಗೆ ಕೂರದೆ ಅವರ ಹತ್ತಿರ ಹೋಗಿದ್ದೆ. ಟೇಪು ಹಿಡಿಯುವ ಅಭ್ಯಾಸ ಅವರಿಗಿರಲಿಲ್ಲ. ಹಳೆಯ ಕ್ಲಚ್ ವೈರಿನ ತುಂಡೊಂದನ್ನು ಸೀಟಿನ ಕೆಳಗಿನ ಬೋಲ್ಟಿನಿಂದ ನಂಬರ್ ಪ್ಲೇಟಿನವರೆಗೆ ಬಗ್ಗಿಸಿ, ಅದೇ ಆಕಾರಕ್ಕೆ ರಾಡು ಬಗ್ಗಿಸಿದರು. ಎರಡು ಕಡೆ ಚುಕ್ಕಿ ವೆಲ್ಡ್ ಹಾಕಿ, ಗಾಡಿಗೆ ಹಿಡಿದು ನೋಡಿ, ಒಂದು ಕಣ್ಣು ಮುಚ್ಚಿ ದೂರದಿಂದ ನೋಡಿ, ಸುತ್ತಿಗೆಯಿಂದ ಒಂದು ಏಟು ಕೊಟ್ಟು, "ಹಿಂದೆ ಮನೆಯವರು ಕೂರ್ತಾರಾ?" ಎಂದು ಕೇಳಿದರು. ಒಬ್ಬನೇ ಹೋಗುವುದು ಎಂದೆ. "ಈಗ ಹಂಗೇ ಅಂತೀರ. ಆಮೇಲೆ ಅವರ ಕಾಲಿಗೆ ಅಡ್ಡ ಆಗ್ತದೆ ಕಟ್ ಮಾಡಿ ಅಂತ ಬರ್ತೀರ" ಎಂದು ಹಿಂದಿನ ಫುಟ್‌ರೆಸ್ಟಿನ ಸುತ್ತ ಒಂದು ಪಾದ ಆಡುವಷ್ಟು ಜಾಗ ಬಿಟ್ಟರು. ಚೀಲ ಆದಷ್ಟೂ ಮುಂದಕ್ಕೆ ಬರಲಿ ಎನ್ನುವ ನನ್ನ ಓದಿಕೊಂಡ ತರ್ಕ ಆ ಪಾದದ ಮುಂದೆ ನಿಲ್ಲಲಿಲ್ಲ.

ಆವತ್ತು ಅವರು ಹೇಳಿದ ಇನ್ನೊಂದು ಮಾತಿನಿಂದ ನನಗೆ ಸೀರೆ ಗಾರ್ಡಿನ ಮೇಲೆ ಗೌರವ ಬಂತು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗ ಮುಚ್ಚಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮ ಹೇಳುತ್ತದೆ. ಹಾಗಾಗಿ ನಮ್ಮ ದೇಶದ ಬೈಕುಗಳ ಎಡಭಾಗದಲ್ಲಿ ಒಂದು ಜಾಲರಿ. ಹೊಸ ಗಾಡಿ ಕೊಂಡ ಹುಡುಗರು ಮೊದಲು ಬಿಚ್ಚಿ ಅಟ್ಟಕ್ಕೆ ಎಸೆಯುವುದೇ ಅದನ್ನು. ಆಮೇಲೆ ಚೀಲ ಚಕ್ರಕ್ಕೆ ತಾಗುತ್ತದೆ ಎಂದು ಸಾವಿರಗಟ್ಟಲೆ ಕೊಟ್ಟು 'ಸ್ಯಾಡಲ್ ಸ್ಟೇ' ಹಾಕಿಸುವವರೂ ಅವರೇ. "ಎಡಗಡೆ ಗೌರ್‌ಮೆಂಟೇ ಹಾಕಿಕೊಟ್ಟಿದೆ ಸಾರ್. ಬಲಗಡೆ ಮಾತ್ರ ನಂದು ಚಾರ್ಜು" ಎಂದರು ಮೇಸ್ತ್ರಿ. ಬಲಗಡೆಗೆ ಬೇಕಾದದ್ದು ಜಾಲರಿಯೊಂದೇ ಅಲ್ಲ. ಅಲ್ಲಿ ಸೈಲೆನ್ಸರ್ ಇದೆ. ನೈಲಾನ್ ಚೀಲದ ತಳ ಅದಕ್ಕೆ ತಾಗಿದರೆ ಮೊದಲು ವಾಸನೆ ಬರುತ್ತದೆ, ಆಮೇಲೆ ಚೀಲದೊಳಗಿನದು ರಸ್ತೆಗೆ ಬರುತ್ತದೆ. ನಾಲ್ಕು ಬೆರಳು ಅಂತರ ಇರಬೇಕು; ಅದೂ ಖಾಲಿ ಚೀಲದಲ್ಲಿ ನೋಡುವುದಲ್ಲ, ತುಂಬಿದ ಚೀಲ ಗುಂಡಿಯಲ್ಲಿ ಧಡ್ ಎಂದು ಕುಣಿದಾಗ.

ಬೈಕಿನ ಎರಡೂ ಬದಿಗೆ ಸೈಲೆನ್ಸರ್ ಇದ್ದ ಕಾಲವೂ ಒಂದಿತ್ತು. ನನ್ನ ಚಿಕ್ಕಪ್ಪನ ಹತ್ತಿರ ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ತಯಾರಿಸಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಹೊರತಂದು, 1996ರಲ್ಲಿ ಬಾಗಿಲು ಹಾಕಿತು. ಯೆಜ್ಡಿಯ ಕಿಕ್ಕರೇ ಗೇರು: ಒದ್ದು ಸ್ಟಾರ್ಟ್ ಮಾಡಿ, ಅದೇ ಸನ್ನೆಯನ್ನು ಮುಂದಕ್ಕೆ ಮಡಚಿ ಗೇರು ಹಾಕುವುದು. ಚಿಕ್ಕಪ್ಪನ ಗಾಡಿಗೆ ಚೀಲವೂ ಇರಲಿಲ್ಲ, ಕ್ಯಾರಿಯರೂ ಇರಲಿಲ್ಲ. ಆದರೂ ಅದರ ಮೇಲೆ ಹೋಗದ ವಸ್ತುವಿರಲಿಲ್ಲ. ಹಿಂಡಿ ಮೂಟೆ ಹೋಗಿದೆ, ಗ್ಯಾಸ್ ಸಿಲಿಂಡರ್ ಹೋಗಿದೆ, ಮದುವೆಮನೆಯ ಪೆಟ್ರೋಮ್ಯಾಕ್ಸ್ ಉರಿಯುತ್ತಲೇ ಹೋಗಿದೆ. ಹಬ್ಬಕ್ಕೆ ಊರಿಗೆ ಹೊರಟರೆ ಹಿಂದೆ ಚಿಕ್ಕಮ್ಮ ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ಮಗು. ಹ್ಯಾಂಡಲ್ಲಿಗೆ ಎರಡು ಬುಟ್ಟಿ. ನಾನು ಮುಂದೆ ಟ್ಯಾಂಕಿನ ಮೇಲೆ. ಈಗ ಅಂಗಡಿಯಲ್ಲಿ ಟ್ಯಾಂಕ್ ಬ್ಯಾಗ್ ತೋರಿಸಿ ಅದರ ಗುಣಗಾನ ಮಾಡುವ ಹುಡುಗನಿಗೆ ನಾನು ಹೇಳುವುದಿಲ್ಲ, ಆದರೆ ಅವನು ಹೇಳುವ ಎಲ್ಲ ಗುಣವೂ ನನ್ನಲ್ಲಿದ್ದವು: ಭಾರ ಗಾಡಿಯ ನಡುವಿಗೆ ಬೀಳುತ್ತದೆ, ಸವಾರನ ಕಣ್ಣೆದುರಿಗೇ ಇರುತ್ತದೆ, ಬೇಕೆಂದಾಗ ಎತ್ತಿ ಕೆಳಗಿಡಬಹುದು. ಆಯಸ್ಕಾಂತ ಮಾತ್ರ ಇರಲಿಲ್ಲ. ಮೊಣಕಾಲಿನಿಂದ ಟ್ಯಾಂಕು ಅವುಚಿಕೊಳ್ಳುತ್ತಿದ್ದೆ.

ಭೌತಶಾಸ್ತ್ರ ಓದದ ಚಿಕ್ಕಪ್ಪನಿಗೆ ಭಾರದ ವಿಷಯ ಕೈಯಲ್ಲೇ ಇತ್ತು. ಒಮ್ಮೆ ಬೆಲ್ಲದ ತಗಡಿನ ಡಬ್ಬಿಯನ್ನು ಸೀಟಿನ ತೀರಾ ತುದಿಗೆ ಕಟ್ಟಿ ಹೊರಟವರು ನೂರು ಗಜ ಹೋಗಿ ನಿಲ್ಲಿಸಿದರು. "ಹ್ಯಾಂಡಲ್ ಹಗುರ ಆಯ್ತು ಕಣೋ, ಮುಂದಿನ ಚಕ್ರ ನೆಲ ಮುಟ್ಟಿದೆಯೋ ಇಲ್ವೋ ಗೊತ್ತಾಗ್ತಿಲ್ಲ" ಎಂದು ಡಬ್ಬಿಯನ್ನು ಬಿಚ್ಚಿ ತಮ್ಮ ಬೆನ್ನಿಗೆ ತಾಗುವ ಹಾಗೆ ಮುಂದೆ ಸರಿಸಿದರು, ಚಿಕ್ಕಮ್ಮನನ್ನು ಅದರ ಹಿಂದೆ ಕೂರಿಸಿದರು. ಹಿಂದಿನ ಅಚ್ಚಿನಿಂದಾಚೆಗೆ ಹೋದ ಪ್ರತಿ ಕಿಲೋ ಮುಂದಿನ ಚಕ್ರವನ್ನು ಅಷ್ಟಷ್ಟೇ ಎತ್ತುತ್ತದೆ. ತೂಕದ್ದು ಕೆಳಗೆ, ಮುಂದೆ, ಎರಡೂ ಕಡೆ ಸಮ ಇರಬೇಕು. ಹಗುರದ್ದು ಮೇಲೆ ಮತ್ತು ಹಿಂದೆ. ಇವನ್ನೆಲ್ಲ ಈಗ ಬಣ್ಣದ ಚಿತ್ರ ಹಾಕಿ ವಿವರಿಸುತ್ತಾರೆ. ಚಿಕ್ಕಮ್ಮನಿಗೆ ಮಾತ್ರ ಆವತ್ತು ತನಗಿಂತ ಬೆಲ್ಲ ಮುಂದಾಯಿತಲ್ಲ ಎಂಬ ಸಿಟ್ಟು. ಊರು ತಲುಪುವವರೆಗೂ ಮಾತಾಡಲಿಲ್ಲ.

ಚೀಲದ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ "ಎಷ್ಟು ಲೀಟರ್ ಸಾರ್?" ಹಾಲು, ಸೀಮೆಎಣ್ಣೆಗಳನ್ನಷ್ಟೇ ಲೀಟರಿನಲ್ಲಿ ತಂದು ಗೊತ್ತಿರುವ ನನಗೆ ಬನಿಯನ್ನು, ಟವೆಲು, ಡೇರೆಗಳನ್ನು ಹಾಗೆ ಅಳೆಯುವುದು ಒಗ್ಗಲಿಲ್ಲ. ಮನೆಗೆ ಬಂದು ಬಚ್ಚಲಿನ 20 ಲೀಟರಿನ ಬಕೆಟ್ಟನ್ನು ಒರೆಸಿಕೊಂಡು ಹಾಲಿಗೆ ತಂದೆ. ಮಲಗುವ ಚೀಲವನ್ನು ತುರುಕಿದೆ: ಅರ್ಧ ಬಕೆಟ್ಟು. ಡೇರೆ ಅಡ್ಡಡ್ಡ ಹೋಗಲಿಲ್ಲ, ಉದ್ದುದ್ದ ನಿಲ್ಲಿಸಿದರೆ ಅದರ ಕಡ್ಡಿಗಳು ಬಕೆಟ್ಟಿನಿಂದ ಮೇಲೆ ಇಣುಕಿದವು. "ಅದನ್ನೂ ನೆನೆಹಾಕ್ತೀರಾ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದಳು. ನಗಬೇಡಿ, ಆವತ್ತು ಹೊಳೆದ ಸತ್ಯವನ್ನು ಯಾವ ಅಂಗಡಿಯವನೂ ಹೇಳಿರಲಿಲ್ಲ. ಚೀಲ ಎಷ್ಟು ಲೀಟರಿನದು ಎಂಬುದಲ್ಲ, ಡೇರೆಯ ಕಡ್ಡಿ ಎಷ್ಟು ಉದ್ದ ಎಂಬುದೇ ಎಲ್ಲವನ್ನೂ ತೀರ್ಮಾನಿಸುವುದು. ಬಟ್ಟೆಬರೆ ಹೇಗೆ ತುರುಕಿದರೂ ಹೋಗುತ್ತದೆ. ಒಂದು ಮೊಳದ ಕಡ್ಡಿ ಯಾರ ಮಾತೂ ಕೇಳುವುದಿಲ್ಲ.

ಮೆತ್ತನೆಯ ಚೀಲವೋ ಗಟ್ಟಿ ಪೆಟ್ಟಿಗೆಯೋ ಎಂಬ ಜಗಳ ಇದ್ದೇ ಇದೆ. ಪೆಟ್ಟಿಗೆಗೆ ಬೀಗವಿದೆ, ಮಳೆಗೆ ಅಂಜುವುದಿಲ್ಲ, ಇಳಿಸಿದರೆ ಕೂರಲು ಮಣೆಯೂ ಆಗುತ್ತದೆ. ಆದರೆ ಕೆಸರಿನಲ್ಲಿ ಗಾಡಿ ವಾಲಿಬಿದ್ದರೆ ಚೀಲ ಕಾಲಿನ ಮೇಲೆ ಕರುಣೆ ತೋರಿಸುತ್ತದೆ, ಪೆಟ್ಟಿಗೆ ತೋರಿಸುವುದಿಲ್ಲ. ಅದಕ್ಕಿಂತ ದೊಡ್ಡ ಪರೀಕ್ಷೆ ಬೆಂಗಳೂರಿನಲ್ಲೇ ಇದೆ. ಬಿಎಂಟಿಸಿ ಬಸ್ಸಿಗೂ ಆಟೋಕ್ಕೂ ನಡುವಿನ ಸಂದಿಯನ್ನು ನಾವು ಹ್ಯಾಂಡಲ್ಲಿನಿಂದ ಅಳೆಯುತ್ತೇವೆ. ಹ್ಯಾಂಡಲ್ಲು ನುಗ್ಗಿತೆಂದರೆ ಹಿಂದಿನದೂ ನುಗ್ಗಿತೆಂದೇ ಲೆಕ್ಕ. ಪೆಟ್ಟಿಗೆ ಹ್ಯಾಂಡಲ್ಲಿಗಿಂತ ಅಗಲವಾದರೆ ಈ ಲೆಕ್ಕ ಯಶವಂತಪುರದಲ್ಲೇ ತಪ್ಪುತ್ತದೆ.

ಈ ಪೆಟ್ಟಿಗೆಗಳನ್ನು ಕಂಡಾಗ ನನಗೆ ಎಲ್ಸ್‌ಪೆತ್ ಬೇರ್ಡ್ ನೆನಪಾಗುತ್ತಾರೆ. ಲಂಡನ್ನಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಈಕೆ 1982ರಲ್ಲಿ ಹಳೆಯದೊಂದು ಬಿಎಂಡಬ್ಲ್ಯು ಬೈಕಿನಲ್ಲಿ ಒಬ್ಬರೇ ಭೂಪ್ರದಕ್ಷಿಣೆಗೆ ಹೊರಟು, ಭಾರತವನ್ನೂ ಹಾದು, 1984ರಲ್ಲಿ ಮನೆ ಸೇರಿದವರು. ನಡುವೆ ಸಿಡ್ನಿಯಲ್ಲಿ ದುಡಿದು ದುಡ್ಡು ಕೂಡಿಸುತ್ತಿದ್ದಾಗ ಅಲ್ಯೂಮಿನಿಯಂ ತಗಡನ್ನು ಮಡಚಿ, ರಿವೆಟ್ ಹೊಡೆದು, ಬೀಗ ಹಾಕುವ ಪೆಟ್ಟಿಗೆಗಳನ್ನು ತಾವೇ ಮಾಡಿಕೊಂಡರಂತೆ. ಎಂಥ ಧೈರ್ಯ! ಒಬ್ಬರೇ ಜಗತ್ತು ಸುತ್ತಿದ್ದಕ್ಕಲ್ಲ ನಾನು ಹೇಳುತ್ತಿರುವುದು, ತಾವೇ ಮಾಡಿದ ಪೆಟ್ಟಿಗೆಯನ್ನು ನಂಬಿ ಹೊರಟದ್ದಕ್ಕೆ. ನಾನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಕ್ಯಾಲೆಂಡರಿನ ಕೆಳಗೆ ನಮ್ಮ ಮನೆಯಲ್ಲಿ ಯಾರೂ ಕೂರುವುದಿಲ್ಲ.

ಕೊನೆಗೆ ಚೀಲವನ್ನೇ ತೆಗೆದುಕೊಂಡೆ. ಸೀಟಿನ ಮೇಲೆ ಅಡ್ಡಲಾಗಿ ಕಟ್ಟುವ ಸುರುಳಿಯ ವಿಷಯ ಬಂದಾಗ ಮಾತ್ರ ನನಗೆ ಆಯ್ಕೆಯ ಗೊಂದಲವಿರಲಿಲ್ಲ, ಏಕೆಂದರೆ ಅಂಥದ್ದೊಂದು ನಮ್ಮ ಮನೆಯ ಅಟ್ಟದ ಮೇಲೆ ಮೊದಲೇ ಇತ್ತು. ಅಜ್ಜನ ಹೋಲ್ಡಾಲ್. ರೈಲಿನಲ್ಲಿ ಹಾಸಿಗೆ ಸುತ್ತಿಕೊಂಡೇ ಪ್ರಯಾಣ ಮಾಡುತ್ತಿದ್ದ ಕಾಲದ ಖಾಕಿ ಕ್ಯಾನ್ವಾಸು, ತಲೆಯ ಕಡೆಗೊಂದು ಜೇಬು, ಕಾಲಿನ ಕಡೆಗೊಂದು ಜೇಬು, ನಡುವೆ ಎರಡು ಚರ್ಮದ ಬೆಲ್ಟು. ತಲೆಯ ಜೇಬಿನಲ್ಲಿ ದಿಂಬು, ಕಾಲಿನ ಜೇಬಿನಲ್ಲಿ ಚಪ್ಪಲಿ. ಅವೆರಡು ಎಂದೂ ಅದಲುಬದಲಾಗಬಾರದೆಂದು ಅಜ್ಜಿ ತಲೆಯ ಕಡೆಗೆ ಕೆಂಪು ದಾರದಲ್ಲಿ ಒಂದು ಗುರುತು ಹೊಲಿದಿದ್ದಳು. ಡೇರೆ, ಚಾಪೆ, ಮಲಗುವ ಚೀಲ ಮೂರನ್ನೂ ಅದರಲ್ಲಿಟ್ಟು ಸುತ್ತಿದರೆ ಈಗಿನ ದುಬಾರಿ ಸುರುಳಿ ಚೀಲಗಳ ಅಳತೆಯೇ. ಬಕಲ್ಲಿನ ನಾಲಿಗೆ ಮಾತ್ರ ತುಕ್ಕು ಹಿಡಿದಿತ್ತು, ಚಮ್ಮಾರರು ಬದಲಿಸಿಕೊಟ್ಟರು. ಮಳೆಗೆ ಕ್ಯಾನ್ವಾಸು ಒಂದು ಗಂಟೆ ತಡೆಯುತ್ತದೆ, ಆಮೇಲೆ ತಾನೂ ಕುಡಿಯುತ್ತದೆ. ಅದಕ್ಕೆ ಮಲೆನಾಡಿನವರ ಉಪಾಯವೇ ಸರಿ: ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕೊಟ್ಟೆಯನ್ನು ತೊಳೆದು ಒಣಗಿಸಿ, ಸಾಮಾನು ಅದರೊಳಗೆ ಹಾಕಿ, ಗಾಳಿ ಹಿಂಡಿ, ಬಾಯಿ ಮೂರು ಸುತ್ತು ಸುತ್ತಿ ಕಟ್ಟುವುದು. ಚೀಲದ ಹೊರಗೆ ಹೊದಿಸುವ ರೇನ್ ಕವರಿಗಿಂತ ಒಳಗಿನ ಕೊಟ್ಟೆ ಮೇಲು. ಹೊರಗಿನದಕ್ಕೆ ಗಾಳಿ ಹೊಕ್ಕು ಉಬ್ಬಿ ಕೂತು, ತಳದಲ್ಲಿ ನೀರು ಕಟ್ಟಿ, ಚೀಲ ಅದರಲ್ಲೇ ಸ್ನಾನ ಮಾಡುತ್ತಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿ, ಎಡಬಲ ತೂಗಿ ನೋಡಿ ಕಟ್ಟಿಟ್ಟರೆ, ಹೊರಡುವ ಹಿಂದಿನ ರಾತ್ರಿ ಮನೆಯವರು ತಿದ್ದುಪಡಿ ತರುತ್ತಾರೆ. ಅಮ್ಮ ಕಷಾಯದ ಪುಡಿ ತಂದಿಡುತ್ತಾಳೆ. ಹೆಂಡತಿ ಚಟ್ನಿಪುಡಿಯ ಡಬ್ಬಿ ಇಡುತ್ತಾಳೆ. ಅದರ ಜೊತೆಗೆ ಚಕ್ಕುಲಿ. ಚಕ್ಕುಲಿ ಪುಡಿಯಾಗಬಾರದೆಂದು ಅದಕ್ಕೊಂದು ಸ್ಟೀಲ್ ಡಬ್ಬಿ. ಪಕ್ಕದ ಮನೆಯವರು "ಹೊಸನಗರಕ್ಕೆ ತಾನೆ, ನಮ್ಮತ್ತಿಗೆಗೆ ಇದೊಂದು ಸೀರೆ ತಲುಪಿಸಿಬಿಡಿ, ಏನೂ ಭಾರ ಇಲ್ಲ" ಎನ್ನುತ್ತಾರೆ. ಏನೂ ಭಾರವಿಲ್ಲದವೇ ಸೇರಿ ಹಿಂದಿನ ಸ್ಪ್ರಿಂಗು ಕುಗ್ಗುತ್ತದೆ. ಶಾಕ್ ಅಬ್ಸಾರ್ಬರಿನ ಬಳೆಯನ್ನು ಎರಡು ಹಲ್ಲು ಬಿಗಿ ಮಾಡು, ಹಿಂದಿನ ಟಯರಿಗೆ ಗಾಳಿ ಜಾಸ್ತಿ ಹಾಕಿಸು. ಮರೆತೆವೋ, ಹಿಂಬದಿ ಕೂತು ಮುಂಬದಿ ಎದ್ದು ಹೆಡ್‌ಲೈಟು ಮರದ ತುದಿಯಲ್ಲಿ ಗೂಬೆ ಹುಡುಕುತ್ತದೆ. ಎದುರಿನಿಂದ ಬರುವ ಬಸ್ಸಿನವರು ಲೈಟು ಹೊಡೆದು ಹೊಡೆದು ನಮ್ಮ ವಂಶವನ್ನೇ ಸ್ಮರಿಸುತ್ತಾರೆ.

ಹಾಗೆ ಬಿರಿಯುವಂತೆ ತುಂಬಿಕೊಂಡು ಒಂದು ಶಿವರಾತ್ರಿಯ ಆಸುಪಾಸಿನಲ್ಲಿ ಹೋಗುತ್ತಿದ್ದೆ. ಮಾಸ್ತಿಕಟ್ಟೆಯ ಹತ್ತಿರದ ಟೀ ಅಂಗಡಿಯ ಮುಂದೆ ಹುಲಿಕಲ್ ಘಾಟಿ ಹತ್ತಿ ಬಂದ ಮೀನಿನವರ ಎಂ 80 ನಿಂತಿತ್ತು. ಹಿಂದೆ ಆಳೆತ್ತರಕ್ಕೆ ಒಂದರ ಮೇಲೊಂದು ಪ್ಲಾಸ್ಟಿಕ್ ಪೆಟ್ಟಿಗೆ, ಹ್ಯಾಂಡಲ್ಲಿಗೆ ತಕ್ಕಡಿ, ಪೋಂ ಪೋಂ ಹಾರ್ನು. ಅವರು ಟೀ ಹೀರುತ್ತ ನನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಸುರುಳಿಯ ಮೇಲೆ ಹಾಕಿದ್ದ ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ಬೆರಳಿನಿಂದ ಎಳೆದು ಬಿಟ್ಟರು. ಅದು ಟಂಯ್ ಎಂದಿತು. "ಇದು ಹಾರ್ತದೆ ಮಾರಾಯ್ರೆ. ಹಾರಿದ್ರೆ ಸಾಮಾನು ಹೋದದ್ದು ಬೇರೆ, ಕಣ್ಣಿಗೆ ಬಡೀತದೆ. ನೀವು ಟ್ಯೂಬು ಕಟ್ಟಿ" ಎಂದರು. ತಮ್ಮ ಸೀಟಿನ ಕೆಳಗಿನಿಂದ ಸೈಕಲ್ ಟ್ಯೂಬಿನ ಉದ್ದನೆಯ ಪಟ್ಟಿ ತೆಗೆದರು. ಬ್ಲೇಡಿನಿಂದ ಉದ್ದಕ್ಕೆ ಸೀಳಿದ ಎರಡು ಬೆರಳಗಲದ ಪಟ್ಟಿ. ಅದರ ಒಂದು ತುದಿಯನ್ನು ಕ್ಯಾರಿಯರಿಗೆ ಕುಣಿಕೆ ಹಾಕಿ, ಎಳೆದು ಎಳೆದು ತೆಳ್ಳಗಾಗಿಸಿ, ಹೋಲ್ಡಾಲಿನ ಮೇಲೆ ಎರಡು ಸುತ್ತು ತಂದು, ತುದಿಯನ್ನು ಅದೇ ಸುತ್ತಿನ ಅಡಿಗೆ ತುರುಕಿದರು. ಗಂಟೇ ಹಾಕಲಿಲ್ಲ. ರಬ್ಬರಿನ ಮೇಲೆ ರಬ್ಬರು ಕಚ್ಚಿ ಕೂತಿತು. ಬಿಚ್ಚಲು ಒಂದು ಎಳೆತ ಸಾಕು. ತಾನಾಗಿ ಬಿಚ್ಚಿಕೊಳ್ಳಲು ಎಂಥ ಗುಂಡಿಯೂ ಸಾಲದು.

ದುಡ್ಡು ಕೊಡಹೋದರೆ ಬೇಡವೆಂದರು. ಅವರ ಪೆಟ್ಟಿಗೆಗಳಲ್ಲಿ ಅರ್ಧ ಆಗಲೇ ಖಾಲಿ. ಖಾಲಿಯಾದ ಒಂದರಲ್ಲಿ ಬಾಳೆಎಲೆಯ ಕಟ್ಟು, ಇನ್ನೊಂದರಲ್ಲಿ ಯಾರದೋ ತೋಟದ ಸೌತೆಕಾಯಿ ಕಂಡವು. ಹೊರಡುವ ಮುಂಚೆ ನನ್ನ ಚೀಲಗಳ ಹೊಟ್ಟೆಯನ್ನು ಇನ್ನೊಮ್ಮೆ ತಟ್ಟಿ ನೋಡಿ ಕೇಳಿದರು: "ಹೋಗುವಾಗಲೇ ಇಷ್ಟು ತುಂಬ್ಸಿದ್ರೆ ಬರುವಾಗ ಎಲ್ಲಿ ಹಾಕ್ತೀರಿ?" ಬರುವಾಗ ಏನೂ ತರುವುದಿಲ್ಲ ಎಂದೆ. ಮೀನಿನವರು ನಕ್ಕು ಪೋಂ ಪೋಂ ಎಂದು ಹೊರಟುಹೋದರು.

ಡೇರೆ ಹಾಕುವುದೇನೂ ನಮ್ಮ ಘಟ್ಟದಲ್ಲಿ ಸುಲಭವಲ್ಲ. ಚಿತ್ರಗಳಲ್ಲಿ ಕಾಣುವಂತೆ ಬೆಟ್ಟದ ತುದಿಯಲ್ಲಿ ಒಂಟಿ ಡೇರೆ, ಒಂಟಿ ಬೈಕು, ಒಂಟಿ ಮನುಷ್ಯ ಎಂದು ಹೊರಟರೆ ಅದು ಅಭಯಾರಣ್ಯವೋ ಮೀಸಲು ಅರಣ್ಯವೋ ಆಗಿರುತ್ತದೆ. ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಮಲಗುವಂತಿಲ್ಲ. ಆದ್ದರಿಂದ ಯಾರದಾದರೂ ಅಂಗಳವನ್ನೋ ಗದ್ದೆಯನ್ನೋ ಕೇಳಿಕೊಳ್ಳಬೇಕು. ಆ ಸಂಜೆ ಅಡಿಕೆ ತೋಟದ ಯಜಮಾನರೊಬ್ಬರನ್ನು ಕೇಳಿದೆ. "ಅದಕ್ಕೆಂತ, ಧಾರಾಳ" ಎಂದು ಅಂಗಳ ತೋರಿಸಿದರು. ನಾನು ಸಂತೋಷದಿಂದ ಡೇರೆಯ ಗೂಟಗಳನ್ನು ಹೊರತೆಗೆದು ಸುತ್ತಿಗೆಗಾಗಿ ಕಲ್ಲು ಹುಡುಕುತ್ತಿದ್ದಾಗ ಒಳಗಿನಿಂದ ಆ ಮನೆಯ ಅಮ್ಮ ಓಡಿಬಂದರು. "ಅಯ್ಯೋ, ಬೆಳಗ್ಗೆ ಸಗಣಿ ಹಾಕಿ ಸಾರ್ಸಿದ್ದು. ಗೂಟ ಹೊಡೀತೀರಾ?" ಎಂದರು. ಗೂಟಗಳು ಚೀಲಕ್ಕೆ ವಾಪಸು ಹೋದವು. ಕೊಯ್ಲಾದ ಗದ್ದೆಗೆ ಇಳಿದೆ. ಫೆಬ್ರವರಿಯ ಒಣಗದ್ದೆ ಕಬ್ಬಿಣದಂತಿತ್ತು. ಗೂಟ ಬಗ್ಗಿದವೇ ಹೊರತು ಇಳಿಯಲಿಲ್ಲ. ಹಗ್ಗಗಳನ್ನು ಕಲ್ಲುಗಳಿಗೆ ಕಟ್ಟಿ, ಅಂತೂ ಡೇರೆ ಎದ್ದಿತು. ಅದರ ಬಾಗಿಲಲ್ಲಿ ಕೂತು ಸಣ್ಣ ಸ್ಟೌ ಹಚ್ಚಿ ನೂಡಲ್ಸಿಗೆ ನೀರಿಡುವಷ್ಟರಲ್ಲಿ ಗದ್ದೆಯ ಬದುವಿನ ಮೇಲೆ ಟಾರ್ಚು ಕಂಡಿತು.

"ಎಂತ ಮಾಡ್ತಾ ಇದೀರಿ? ಊಟಕ್ಕೆ ಎಲೆ ಹಾಕಿ ಆಗಿದೆ" ಎಂದರು ಯಜಮಾನರು. ಊಟ ಮುಗಿದ ಮೇಲೆ ನಾನು ಡೇರೆಗೆ ಹೊರಟರೆ ಮತ್ತೆ ತಡೆದರು. "ಮನೆ ಇಟ್ಕಂಡು ಗದ್ದೆಯಲ್ಲಿ ಮಲಗ್ಸಿದ್ರು ಅಂತ ನಾಳೆ ಊರು ಹೇಳ್ತದೆ. ನಿಮಗೇನೋ ಖುಷಿ, ಮರ್ಯಾದೆ ಹೋಗೋದು ನಮ್ಮದು." ಜಗಲಿಯಲ್ಲಿ ಹಾಸಿಗೆ ಬಿಡಿಸಿಯಾಗಿತ್ತು. ಅಷ್ಟು ದೂರ ಹೊತ್ತು ತಂದ ಡೇರೆಯಲ್ಲಿ ಆ ರಾತ್ರಿ ಮಲಗಿದ್ದು ಅವರ ಮನೆಯ ನಾಯಿ. ಬೆಳಗ್ಗೆ ಹೋಗಿ ನೋಡಿದರೆ ಮಲಗುವ ಚೀಲದ ಮೇಲೆ ಕಾಲು ಚಾಚಿ ಮಲಗಿತ್ತು. ನನ್ನನ್ನು ಕಂಡು ಒಂದು ಕಣ್ಣು ತೆರೆದು, ಅತಿಥಿಯನ್ನು ಕಂಡ ಯಜಮಾನನ ಹಾಗೆ ಬಾಲ ಆಡಿಸಿತು.

ಹೊರಡುವ ಹೊತ್ತಿಗೆ ಮೀನಿನವರ ಮಾತು ಅರ್ಥವಾಯಿತು. ಆಲೆಮನೆಯ ಕಾಲ. ಐದು ಲೀಟರಿನ ಹಳೆಯ ಎಣ್ಣೆ ಕ್ಯಾನಿನಲ್ಲಿ ಜೋನಿಬೆಲ್ಲ ಬಂತು. ಉಪ್ಪುನೀರಿಗೆ ಹಾಕಿದ ಅಪ್ಪೆಮಿಡಿಯ ಜಾಡಿ ಬಂತು. ಕಾಳುಮೆಣಸಿನ ಪೊಟ್ಟಣ, ಎಳೆಯ ಹಲಸಿನಕಾಯಿ, ಹಪ್ಪಳದ ಕಟ್ಟು. "ಜಾಗ ಇಲ್ಲ" ಎನ್ನುವ ಮಾತು ಮಲೆನಾಡಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಯಜಮಾನರು ಕ್ಯಾನು ಹಿಡಿದುಕೊಂಡು ಗಾಡಿಯ ಸುತ್ತ ಬಂದು ಕ್ಯಾರಿಯರಿನ ಬಲಬದಿಯ ಆ ಚೌಕಾಕಾರದ ಗೂಡನ್ನು ಕಂಡರು. ಕ್ಯಾನು ಅದರೊಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. "ನೋಡಿ, ಜೋನಿಬೆಲ್ಲಕ್ಕೆ ಅಂತಲೇ ಮಾಡಿದಾರೆ" ಎಂದರು. ಐದು ಲೀಟರ್ ಜೋನಿ ಏಳು ಕಿಲೋ ಹತ್ತಿರ ತೂಗುತ್ತದೆ. ಗಾಡಿ ಬಲಕ್ಕೆ ವಾಲಿತು. ಅದನ್ನೂ ಅವರೇ ಸರಿಮಾಡಿದರು. ಎಡಗಡೆಯ ಚೀಲಕ್ಕೆ ಒಂದೊಂದೇ ತೆಂಗಿನಕಾಯಿ ಹಾಕುತ್ತ, ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ನೋಡುತ್ತ, "ಇನ್ನೊಂದು ಹಾಕು" ಎಂದು ಮಗನಿಗೆ ಹೇಳುತ್ತ, ಎರಡೂ ಕಡೆ ಸಮವಾಗುವವರೆಗೆ ಬಿಡಲಿಲ್ಲ. ಹೊರಗೆ ಬಂದ ನನ್ನ ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಂಡೆ. ಬಾಳೆಗೊನೆಗೆ ಮಾತ್ರ ಜಾಗ ಸಿಗಲಿಲ್ಲ. ಅದು ಜಗಲಿಯ ಕಂಬಕ್ಕೆ ಒರಗಿಕೊಂಡೇ ಉಳಿಯಿತು, ಅಮ್ಮನ ಮುಖ ಸಪ್ಪೆಯಾಯಿತು.

ದಾರಿಯಲ್ಲಿ ತಿಪಟೂರಿನ ಹತ್ತಿರ ಎಳನೀರು ಕುಡಿಯಲು ನಿಲ್ಲಿಸಿದರೆ ಇಬ್ಬರು ಹುಡುಗರು ಕ್ಯಾನನ್ನೇ ನೋಡುತ್ತ ಬಂದರು. "ಲಡಾಖಿಂದ ಬಂದ್ರಾ ಸಾರ್? ಪೆಟ್ರೋಲ್ ಇನ್ನೂ ಉಳಿದಿದೆಯಲ್ಲ!" ಒಬ್ಬ ಬಗ್ಗಿ ಬಿರಡೆಯ ಹತ್ತಿರ ಮೂಸಿದ. ಅವನ ಮುಖದ ಮೇಲೆ ಮೂಡಿದ್ದನ್ನು ವರ್ಣಿಸಲಾರೆ. ಎಳನೀರಿನವರು ಒಂದು ಚಿಪ್ಪು ಕೆತ್ತಿ ಕೊಟ್ಟರು. ಇಬ್ಬರಿಗೂ ಸ್ವಲ್ಪ ಸ್ವಲ್ಪ ಜೋನಿ ಸುರಿದುಕೊಟ್ಟೆ. ಆಮೇಲೆ ಅವರು ಲಡಾಖಿನ ಮಾತೆತ್ತಲಿಲ್ಲ. ಹೊಸನಗರಕ್ಕೆ ಯಾವ ರಸ್ತೆ ಚೆನ್ನಾಗಿದೆ ಎಂದು ಕೇಳಿದರು.

ಬರುವಾಗ ಹೀಗೆ ಚೀಲ ತುಂಬಿಕೊಂಡು ಬರುವುದೇನೂ ಹೊಸ ವಿದ್ಯೆಯಲ್ಲ. ಲಾರಿಗಳು ಬರುವ ಮುಂಚೆ ಲಂಬಾಣಿಗರು ಹೇರೆತ್ತುಗಳ ಹಿಂಡು ಕಟ್ಟಿಕೊಂಡು ಇದೇ ಥರದ ಘಟ್ಟದ ದಾರಿಗಳನ್ನು ಹತ್ತಿಳಿಯುತ್ತಿದ್ದರು. ಎತ್ತಿನ ಬೆನ್ನಿನ ಮೇಲೆ ಜೋಡಿ ಚೀಲ, ಎರಡೂ ಪಕ್ಕೆಗೆ ಸಮಭಾರ. ಈಗ ಬೈಕಿನ ಸೀಟಿನ ಮೇಲೆ ಇಳಿಬಿಡುವ ಚೀಲಕ್ಕೂ ಅದಕ್ಕೂ ಆಕಾರದಲ್ಲಿ ವ್ಯತ್ಯಾಸವೇ ಇಲ್ಲ. ಆ ಚೀಲ ಒಂದೇ ದಿಕ್ಕಿಗೆ ದುಡಿಯುತ್ತಿರಲಿಲ್ಲ. ಹೋಗುವಾಗ ದವಸ ಹೊತ್ತಿದ್ದರೆ ಬರುವಾಗ ಉಪ್ಪು. ಖಾಲಿ ಎತ್ತು ಹೊಡೆದುಕೊಂಡು ಬರುವುದು ಅವರಿಗೆ ನಷ್ಟ. ತುಂಬಿದ ಚೀಲ ಹೊತ್ತು ಹೋಗಿ ಅದನ್ನೇ ತುಂಬಿಕೊಂಡು ಬರುವುದು ಅವರ ಕಲ್ಪನೆಗೂ ನಿಲುಕದ್ದು. ಅದನ್ನು ಮಾಡಲು ನಮ್ಮಂಥವರೇ ಬೇಕಾಯಿತು. ನಾವು ಮಲಗದ ಡೇರೆ, ತೆರೆಯದ ಚಕ್ಕುಲಿ ಡಬ್ಬಿ, ಕುಡಿಯದ ಕಷಾಯದ ಪುಡಿ, ಎಲ್ಲವನ್ನೂ ನೂರಾರು ಕಿಲೋಮೀಟರ್ ಗಾಳಿ ಕುಡಿಸಿ ಹಾಗೇ ವಾಪಸು ತಂದಿಡುವುದು.

ಈಗ ನಾನು ಚೀಲ ಕಟ್ಟುವ ಕ್ರಮ ಬೇರೆ. ಮೊದಲು ಎಡಗಡೆಯ ಚೀಲವನ್ನು ಪೂರ್ತಿ ಖಾಲಿ ಬಿಡುತ್ತೇನೆ. ಎರಡೂ ಬದಿ ಸಮ ಇರಲೆಂದು ಬಲಗಡೆಯದನ್ನೂ ಅರ್ಧಕ್ಕೆ ನಿಲ್ಲಿಸುತ್ತೇನೆ, ಎಡಕ್ಕೆ ನೀರಿನ ಬಾಟಲಿಗಳನ್ನು ತುಂಬಿ ತೂಗಿಸುತ್ತೇನೆ; ನೀರಾದರೆ ತಲುಪಿದ ಮೇಲೆ ಚೆಲ್ಲಬಹುದು. ಚಕ್ಕುಲಿಯನ್ನು ತೆಗೆದುಕೊಂಡು ಹೋಗುತ್ತೇನೆ, ಆದರೆ ಕೊಡಲಿಕ್ಕೆ. ಸೈಕಲ್ ಟ್ಯೂಬಿನ ಎರಡು ಪಟ್ಟಿ ಹೆಚ್ಚಿಗೆ ಇರುತ್ತವೆ. ಅಂಗಡಿಯ ಹುಡುಗ ಲೀಟರ್ ಕೇಳಿದರೆ, ಯಾವ ಊರಿಗೆ, ಯಾವ ತಿಂಗಳಲ್ಲಿ ಎಂದು ಅವನನ್ನೇ ಕೇಳುತ್ತೇನೆ. ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಕಡೆ ಹೋಗುವವನಿಗೂ ಶಿವರಾತ್ರಿಗೆ ಹೊಸನಗರಕ್ಕೆ ಹೋಗುವವನಿಗೂ ಒಂದೇ ಚೀಲ ಹೇಗೆ ಆದೀತು? ಅವನು ಪಾಪ, ಮುಗುಳ್ನಕ್ಕು ಬೇರೆ ಗಿರಾಕಿಯ ಕಡೆ ತಿರುಗುತ್ತಾನೆ.

ಮೊನ್ನೆ ಯಜಮಾನರು ಫೋನ್ ಮಾಡಿದ್ದರು. ಆಲೆಮನೆ ಶುರುವಾಗಿದೆ, ಯಾವಾಗ ಬರ್ತೀರಿ ಎಂದು. ಬರುತ್ತೇನೆ, ಈ ಸಲ ಸಾಮಾನು ಕಮ್ಮಿ ಎಂದೆ. "ಆ ಡೇರೆ ಒಂದನ್ನ ಬಿಟ್ಟು ಬನ್ನಿ ಮಾರಾಯ್ರೆ. ಅಷ್ಟು ಜಾಗದಲ್ಲಿ ಒಂದು ಬಾಳೆಗೊನೆ ಹಿಡೀತದೆ. ನಾಯಿಗೆ ಬೇಕಾದ್ರೆ ಗೋಣಿ ಹಾಸ್ತೇವೆ" ಎಂದರು. ಫೋನಿಟ್ಟ ಮೇಲೆ ಕುತೂಹಲ ತಡೆಯಲಾಗದೆ ಮಾರ್ಕೆಟ್ಟಿನಿಂದ ಸಾಧಾರಣ ಗಾತ್ರದ ಗೊನೆಯೊಂದನ್ನು ತಂದು ಅಜ್ಜನ ಹೋಲ್ಡಾಲಿನಲ್ಲಿ ಸುತ್ತಿ ನೋಡಿದೆ. ಹಿಡಿಯುತ್ತದೆ. ಕೆಳಗಿನ ಒಂದು ಚಿಪ್ಪು ಮಾತ್ರ ಮುರಿದು ತೆಗೆಯಬೇಕು, ಮತ್ತು ಗೊನೆಯ ದಿಂಡು ಕೆಂಪು ದಾರವಿರುವ ಕಡೆಗೇ ಬರಬೇಕು.